ವಿಷ ಉಂಡವರ ಹೆಂಡತಿ

ಗಂಡನ ಹೆಸರು ಬಾಯಿಗೆ ತರದೆ ಸಂಸಾರ ಮಾಡಬಹುದು, ಮಕ್ಕಳನ್ನು ಹೆರಬಹುದು, ಬೇಕಾದರೆ ಆ ಗಂಡನನ್ನೇ ಕೇರಿಗೆಲ್ಲ ಕೇಳುವಂತೆ ಬೈಯಲೂಬಹುದು. ಆಸ್ಪತ್ರೆ ನಡೆಸಲು ಮಾತ್ರ ಆಗದು. ಅರಕಲಗೂಡು ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸಮ್ಮ ಅನ್ನಿಸಿಕೊಂಡಿದ್ದ ನನ್ನ ಅನುಭವದ ಮಾತು ಇದು. ಔಷಧಿಗೆ ಬಂದ ಹೆಂಗಸನ್ನು "ಯಜಮಾನರ ಹೆಸರೇನಮ್ಮಾ?" ಎಂದು ಕೇಳಿದರೆ ಸಾಕು, ಸೆರಗು ಬಾಯಿಗೆ ಹೋಗುತ್ತಿತ್ತು. ಒಬ್ಬಳು ಬೆಟ್ಟ ತೋರಿಸುವಳು, ಇನ್ನೊಬ್ಬಳು ಆಕಾಶ ತೋರಿಸುವಳು. ಆಕಾಶ ತೋರಿಸಿದವಳ ಗಂಡ ಸೂರಪ್ಪನೋ ಚಂದ್ರಯ್ಯನೋ ತಿಳಿಯಲು ನಾನು ಕತ್ತಲಾಗುವವರೆಗೆ ಕಾಯಬೇಕೇ? ಒಗಟು ಬಿಡಿಸುವುದನ್ನು ನರ್ಸುಗಳ ತರಬೇತಿಯಲ್ಲಿ ಯಾರೂ ಕಲಿಸಿರಲಿಲ್ಲ. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ಆಗ ಯುದ್ಧದ ಕಾಲ. ಒಂದು ಬೆಳಗ್ಗೆ ನಮ್ಮ ಡಾಕ್ಟರು ಪ್ಲೇಗಿನ ಚುಚ್ಚುಮದ್ದು ಹಾಕಲು ಹಳ್ಳಿಗಳ ಕಡೆ ಹೋಗಿದ್ದರು. ಆಸ್ಪತ್ರೆಗೆ ನಾನೇ ದೊಡ್ಡವಳು, ನಾನೇ ಚಿಕ್ಕವಳು. ಕೆಮ್ಮಿನವರು, ಕಜ್ಜಿಯವರು ಸಾಲಾಗಿ ಕುಳಿತಿದ್ದಾಗ ಸಿದ್ದಮ್ಮ ಎಂಬಾಕೆ ಏದುಸಿರು ಬಿಡುತ್ತ ಒಳಗೆ ಬಂದಳು.

"ನಮ್ಮನೇವ್ರು ಮಲಗ್ಬುಟ್ಟವ್ರೆ ಕಣವ್ವಾ. ಮೈ ಕೆಂಡ ಆಗದೆ. ಏನೇನೋ ಬಡಬಡಿಸ್ತಾವ್ರೆ."

"ಅವರ ಹೆಸರು ಹೇಳಮ್ಮ."

ಅವಳು ತಲೆ ತಗ್ಗಿಸಿ, ಸೆರಗಿನೊಳಗಿನಿಂದ, "ಅದೇ ಕಣವ್ವಾ... ಇಸ ಉಂಡವ್ರು" ಎಂದಳು.

ನನ್ನ ಜೀವ ಬಾಯಿಗೆ ಬಂತು. ನಾನು ಕೇಳಿದ್ದು ಹೆಸರು ಎಂಬುದೇ ಮರೆತುಹೋಯಿತು. "ಹೊಟ್ಟೆಗೆ ಇಳಿದಿದೆಯೇನಮ್ಮಾ ವಿಷ?" ಎಂದೆ. "ಇಲ್ಲ ಕಣವ್ವಾ, ಗಂಟ್ಲಲ್ಲೇ ನಿಂತೋಯ್ತಲ್ಲ" ಎಂದಳು. ಅದು ಹೇಗೆ ನಿಂತಿತು ಎಂದರೆ, "ಎಂಡ್ತಿ ಕತ್ತ ಇಡ್ಕೊಂಬುಟ್ಳಲ್ಲ!" ತನ್ನನ್ನೇ ಯಾರೋ ಎಂಬಂತೆ 'ಹೆಂಡತಿ' ಎಂದು ಹೇಳಿಕೊಂಡ ಅವಳ ವಿನಯಕ್ಕೂ ಸಮಯಕ್ಕೆ ಸರಿಯಾಗಿ ಗಂಡನ ಕತ್ತು ಹಿಡಿದ ಜಾಣತನಕ್ಕೂ ಮನಸ್ಸಿನಲ್ಲೇ ಭೇಷ್ ಎಂದೆ. ರಬ್ಬರ್ ನಳಿಕೆ, ಉಪ್ಪು, ಸಿಕ್ಕಿದ ಔಷಧಿಗಳನ್ನೆಲ್ಲ ಚೀಲಕ್ಕೆ ತುಂಬಿದೆ. ನಳಿಕೆಯ ಉದ್ದ ನೋಡಿ ಸಿದ್ದಮ್ಮ, "ಅಯ್ಯೋ, ಅಷ್ಟೊಂದು ಕೇಡಾ?" ಎಂದು ಅಳಲು ಶುರುಮಾಡಿದಳು. ಅವಳು ಅತ್ತದ್ದು ನೋಡಿ ನನಗೆ ಇನ್ನೂ ಭಯವಾಯಿತು, ನನ್ನ ಭಯ ನೋಡಿ ಅವಳು ಇನ್ನಷ್ಟು ಅತ್ತಳು. ಕೆಮ್ಮಿನವರು ಕೆಮ್ಮುವುದನ್ನೇ ಬಿಟ್ಟು ನಮ್ಮನ್ನು ನೋಡುತ್ತಿದ್ದರು.

ಹೊಗೆಸೊಪ್ಪು ಹೇರಿಕೊಂಡು ಆ ದಾರಿಯಲ್ಲೇ ಹೊರಟಿದ್ದ ಎತ್ತಿನ ಗಾಡಿಯನ್ನು ಅಡ್ಡಹಾಕಿ ಹತ್ತಿದೆವು. ಎತ್ತುಗಳಿಗೇನು ಗೊತ್ತು ನನ್ನ ಅವಸರ? ದಾರಿಯಲ್ಲಿ ತಡೆಯಲಾರದೆ ಕೇಳಿದೆ, "ಅಂಥದ್ದು ಏನಂದೆಯಮ್ಮಾ ನಿನ್ನ ಗಂಡನಿಗೆ?"

"ನಾನೇನೂ ಅನ್ನಿಲ್ಲ ಕಣವ್ವಾ. ಮುದ್ದೆ ಗಂಟಾಗದೆ ಅಂದ್ರು. ಅಂಗಾರೆ ನೀವೇ ತಿರುವ್ಕಳಿ ಅಂದೆ."

ಮುದ್ದೆ ಗಂಟಾದದ್ದಕ್ಕೆ ವಿಷ ಕುಡಿಯುವುದೇ! ಆ ಲೆಕ್ಕಕ್ಕೆ ಬಂದರೆ ನಮ್ಮ ಮನೆಯವರು ಮದುವೆಯಾದ ವಾರದಲ್ಲೇ ಶಿವನ ಪಾದ ಸೇರಬೇಕಿತ್ತು. ನನ್ನ ಸಾರು ಉಂಡೂ ಅವರು ಸ್ಕೂಲಿಗೆ ಹೋಗಿ ಪಾಠ ಹೇಳಿ ಬರುತ್ತಾರೆ. ನಗು ಬರಬೇಕಿತ್ತು, ಬರಲಿಲ್ಲ. ನಾವು ತಲಪುವ ಹೊತ್ತಿಗೆ ಆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು ಗಾಡಿಯವನನ್ನು ಅವಸರಪಡಿಸುತ್ತಲೇ ಇದ್ದೆ.

ಇದ್ದ. ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದ. ನಾನು ಹಿಂದೆ ಮುಂದೆ ನೋಡದೆ, ಹಿಡಿದುಕೊಳ್ಳಿ ಎಂದು ಮನೆಯವರಿಗೆ ಕೂಗಿ, ಒಂದು ಚೊಂಬು ಉಪ್ಪುನೀರು ಅವನ ಬಾಯಿಗೆ ಸುರಿದೆ. ಅವನು ಕಾರಿಕೊಂಡ. ನಳಿಕೆ ಹಿಡಿದು ಮತ್ತೆ ಬಾಯಿ ತೆರೆಸಿದಾಗ ಕ್ಷೀಣವಾಗಿ ಕೇಳಿದ, "ಕಾಲ್ ನೋವಿಗೆ ಬಾಯೊಳಗೆ ಏನ್ ಉಡುಕ್ತೀರವ್ವಾ?"

"ವಿಷ ಕುಡಿದದ್ದು ಯಾರು ಹಾಗಾದರೆ?"

"ಸಿವ ಕಣವ್ವಾ!" ಎಂದಳು ಅವನ ತಾಯಿ. "ನನ್ ಮಗನ ಎಸ್ರು ನಂಜುಂಡಪ್ಪ. ಸೊಸೆ ಎಂಗೆ ಏಳಾಳು ಗಂಡನ ಎಸ್ರ?"

ಸುತ್ತ ನೆರೆದಿದ್ದವರು ಗೊಳ್ಳೆಂದು ನಕ್ಕರು. ನಂಜನ್ನು ಉಂಡವನೇ ನಂಜುಂಡ. ವಿಷ ಗಂಟಲಲ್ಲಿ ನಿಂತದ್ದೂ ಶಿವನಿಗೇ, ಕತ್ತು ಹಿಡಿದದ್ದೂ ಪಾರ್ವತಿಯೇ. ಅವಮಾನದಿಂದ ನನ್ನ ಮೈಯೆಲ್ಲ ಉರಿಯಿತು. "ಗಂಡನ ಹೆಸರು ಹೇಳಿದರೆ ನಾಲಿಗೆ ಬಿದ್ದುಹೋಗುತ್ತೇನಮ್ಮಾ?" ಎಂದು ಸಿದ್ದಮ್ಮನನ್ನು ಎಲ್ಲರೆದುರಿಗೆ ಗದರಿದೆ. ಪಾಪ, ಅವಳು ಕಂಬದ ಮರೆಗೆ ಸರಿದು ನಿಂತಳು.

ಬಂದ ತಪ್ಪಿಗೆ ಕಾಲನ್ನಾದರೂ ನೋಡೋಣವೆಂದು ಕಂಬಳಿ ಸರಿಸಿದೆ. ಗುದ್ದಲಿ ತಗುಲಿದ ಗಾಯಕ್ಕೆ ಸಗಣಿ ಮೆತ್ತಿ ಬಟ್ಟೆ ಸುತ್ತಿದ್ದರು. ಕಾಲು ಮೊಣಕಾಲಿನವರೆಗೆ ಊದಿ ಮಿರಮಿರ ಮಿಂಚುತ್ತಿತ್ತು, ಅಲ್ಲಿಂದ ತೊಡೆಯ ಮೇಲಕ್ಕೆ ಒಂದು ಕೆಂಪು ಗೆರೆ ಏರುತ್ತಿತ್ತು. ನಂಜು! ಈ ಸಲ ಶಿವನದಲ್ಲ, ನಿಜವಾದದ್ದು. ಸಿದ್ದಮ್ಮ ಬಂದದ್ದು ಗಾಯಕ್ಕೂ ಜ್ವರಕ್ಕೂ ಒಂದಿಷ್ಟು ಔಷಧಿಗೆ. ಅವಳು ನೆಟ್ಟಗೆ 'ನಂಜುಂಡಪ್ಪ, ಕಾಲಿಗೆ ಗಾಯ, ಜ್ವರ' ಎಂದಿದ್ದರೆ ನಾನು ಜ್ವರದ ಮದ್ದಿನ ಜೊತೆ ಎಲೆಯ ಮೇಲೆ ಮುಲಾಮು ಸವರಿಕೊಟ್ಟು ಮುಂದಿನವರನ್ನು ಕರೆದಿರುತ್ತಿದ್ದೆ.

ಅದೇ ಗಾಡಿಯಲ್ಲಿ ಅರಕಲಗೂಡು, ಅಲ್ಲಿಂದ ಬಸ್ಸಿನಲ್ಲಿ ಹಾಸನ. ಪೆಟ್ರೋಲಿಗೆ ಬರ ಬಂದು ಬಸ್ಸುಗಳು ಇದ್ದಿಲು ತಿಂದು ಓಡುತ್ತಿದ್ದ ಕಾಲವದು. ಏರು ಬಂದಲ್ಲೆಲ್ಲ ಪ್ರಯಾಣಿಕರು ಇಳಿದು ತಳ್ಳುವರು, ಡ್ರೈವರು ಇದ್ದಿಲ ಒಲೆ ಕೆದಕುವನು. ನಾನು ಆ ಕೆಂಪು ಗೆರೆ ಎಲ್ಲಿಗೆ ಬಂತೆಂದು ನೋಡುವೆನು. ಒಂದು ಏರಿನಲ್ಲಿ ನಂಜುಂಡಪ್ಪ ಮಾತು ನಿಲ್ಲಿಸಿ ಕಣ್ಣು ತೇಲಿಸಿದಾಗ ನಾನೂ ಇಳಿದು ಬಸ್ಸು ತಳ್ಳಿದೆ. ದೇವರಿಗೆ ಹರಕೆಯನ್ನೂ ಹೊತ್ತೆ.

ಹಾಸನದ ಡಾಕ್ಟರು ತಮಿಳು ಸೀಮೆಯವರು, ಹೊಸದಾಗಿ ಬಂದಿದ್ದರು. ಕೂಡಲೇ ಗಾಯ ಕೊಯ್ದು ಕೀವು ತೆಗೆದರು. ಸಂಜೆ ಹೊತ್ತಿಗೆ ಹೊರಗೆ ಬಂದು, "ಪಿಳೈಚಾನ್... ಬದುಕಿದ. ಕಾಲೂ ಉಳಿಯುತ್ತದೆ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು. ಸರಿಯಾಗಿ ಗುರುತಿಸಿದಿರಿ, ಸಿಸ್ಟರ್" ಎಂದು ಹೊಗಳಿದರು. ಹೇಗೆ ಗುರುತಿಸಿದೆನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಸಿದ್ದಮ್ಮ ಗೋಡೆಗೊರಗಿ ಕುಳಿತು ಅಳುತ್ತಿದ್ದಳು. ನನಗೂ ಕಣ್ಣು ತುಂಬಿತ್ತು.

"ಈ ರಾತ್ರಿ ನೀವು ಇಲ್ಲೇ ಇರಿ" ಎಂದರು ಡಾಕ್ಟರು. "ನಿಮ್ಮ ಮನೆಗೆ ಬಸ್ಸಿನವನ ಕೈಲಿ ಹೇಳಿ ಕಳಿಸುತ್ತೇನೆ. ಯಜಮಾನರ ಹೆಸರೇನು?"

ನಾನು ಬಾಯಿ ತೆರೆದೆ. ಕೈ ತಾನಾಗಿ ಸೆರಗಿಗೆ ಹೋಯಿತು.

"ಅದೇ ಸಾರ್... ನಮ್ಮ ಹೊಳೇನರಸೀಪುರದಲ್ಲಿ... ಕಂಬ ಒಡೆದುಕೊಂಡು ಬಂದವರು."

ಡಾಕ್ಟರು ಗಾಬರಿಯಾದರು. "ಕಂಬಕ್ಕೆ ಹೊಡೆದುಕೊಂಡರೇ? ತಲೆಗೆ ಏಟೇ? ಎಲ್ಲಿದ್ದಾರೆ ಈಗ?" ಎನ್ನುತ್ತ, ಇನ್ನೊಂದು ಮಂಚ ಸಿದ್ಧಮಾಡುವಂತೆ ಒಳಗೆ ಕೂಗಿದರು.

ಗೋಡೆಯ ಕಡೆಯಿಂದ ಸಿದ್ದಮ್ಮ ಕಣ್ಣೊರೆಸಿಕೊಂಡು ಎದ್ದಳು. "ಏಟೂ ಇಲ್ಲ ಏನೂ ಇಲ್ಲ ಸಾ. ನರಸಿಂಹಯ್ಯ ಅಂತ ಕಣ ಸಾ ಆವಯ್ಯನ ಎಸ್ರು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ತುಂಬ ಮರ್ಯಾದೆಯಿಂದ ಕೇಳಿದಳು:

"ಯಾಕವ್ವಾ, ನಾಲ್ಗೆ ಬಿದ್ದೋಯ್ತದಾ?"