ನೀಲಿ ಕಾಗದದ ಮೇಲೊಂದು ತೊಟ್ಟು

ಹೊಸ ಪ್ಯಾಂಟನ್ನು ಗಂಡನ ಕೈಗೆ ಕೊಡುತ್ತಾ ಅವಳು ಹೇಳಿದಳು: "ಇವತ್ತಾದ್ರೂ ತೂತಿಲ್ಲದೆ ವಾಪಸ್ ಬನ್ನಿ. ನಿಮಗೆ ಕುರ್ಚಿ ಸಿಗತ್ತೆ ಅಂತ ಪಕ್ಕದ ಮನೆಯವರಿಗೂ ಹೇಳಿಬಿಟ್ಟಿದೀನಿ. ನನ್ನ ಮಾನ ಕಳೀಬೇಡಿ."

ಆಸಿಡ್ ಕಾರ್ಖಾನೆಯ ಪಂಪ್ ಮನೆಯಲ್ಲಿ ಅವನದು ನಿಂತೇ ಮಾಡುವ ಕೆಲಸ. ಹಳೆಯ ಪಂಪಿನ ಹೊಟ್ಟೆಯೊಳಗೆ ಮೋಟರಿನ ಸರಳು ತೂರಿಹೋಗುವ ಜಾಗದಲ್ಲಿ ಆಸಿಡ್ ಸದಾ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಪ್ಲಾಸ್ಟಿಕ್ ಬಕೆಟ್ ಇಡುವುದು, ತುಂಬುವ ಮೊದಲೇ ಸುಣ್ಣದ ಗುಂಡಿಗೆ ಸುರಿಯುವುದು, ಮತ್ತೆ ಇಡುವುದು. ಎಷ್ಟು ಹುಷಾರಾಗಿದ್ದರೂ ಪ್ಯಾಂಟು ಜರಡಿಯಾಗುತ್ತಿತ್ತು. "ಉಳಿದವರೆಲ್ಲ ಸಾಹೇಬರಿಗೆ ಬಕೆಟ್ ಹಿಡೀತಾರೆ, ಪಂಪಿಗೆ ಹಿಡಿಯೋನು ಇವನೊಬ್ಬನೇ ಕಣ್ರಯ್ಯಾ," ಎಂದು ಸ್ಟೋರ್‌ಕೀಪರ್ ಹೇಳಿದ ದಿನದಿಂದ ಅವನ ಹೆಸರು ಬಕೆಟ್ಟಣ್ಣ ಎಂದೇ ನಿಂತುಹೋಯಿತು.

ಈಗ ಹೊಸ ಪಂಪು ಬಂದಿತ್ತು. ಒಂದಲ್ಲ, ಅವಳಿ. ಒಂದು ಓಡುವುದಕ್ಕೆ, ಇನ್ನೊಂದು ಅದು ನಿಂತರೆ ಎಂದು ಕಾಯುವುದಕ್ಕೆ. ಅದನ್ನು ರೂಪಿಸಿದ ಇಂಜಿನಿಯರ್ ಮೇಡಂ ಪಂಪಿನ ಕೆಳಗೆ ನೀಲಿ ಕಾಗದ ಹಾಸಿದರು. ಆಸಿಡ್ ತಾಗಿದರೆ ಕೆಂಪಾಗುವ ಕಾಗದ.

"ಸಂಜೆ ಸೈರನ್ ಆಗೋತನಕ ಒಂದು ತೊಟ್ಟೂ ಬೀಳದೇ ಇದ್ರೆ ಹಳೇ ಪಂಪು ಗುಜರಿಗೆ. ನಿಮಗೆ ಮೇಲೆ ಕಂಟ್ರೋಲ್ ರೂಮಲ್ಲಿ ಕುರ್ಚಿ."

"ಬಿದ್ರೆ ಮೇಡಂ?"

"ಹೊಸದನ್ನ ಬಿಚ್ಕೊಂಡು ನಾನು ಹೋಗ್ತೀನಿ. ನೀವುಂಟು, ನಿಮ್ಮ ಬಕೆಟ್ಟುಂಟು."

ಪಂಪು ಶುರುವಾಯಿತು. ಬಕೆಟ್ಟಣ್ಣ ಕಿವಿ ಮುಚ್ಚಿಕೊಳ್ಳಲು ಕೈಯೆತ್ತಿದವನು ಹಾಗೇ ನಿಂತ. ಹಳೆಯದು ಗಂಟಲು ಕಟ್ಟಿದ ಎಮ್ಮೆಯಂತೆ ಅರಚುತ್ತಿತ್ತು. ಇದು ನಿದ್ದೆ ಬಂದ ಮಗುವಿನಂತೆ ಗುಂಯ್ ಎಂದಿತು, ಅಷ್ಟೇ. ಒಳಗಿನ ಚಕ್ರಕ್ಕೂ ಹೊರಗಿನ ಮೋಟರಿಗೂ ನಡುವೆ ಗೋಡೆ. ಗೋಡೆಯಲ್ಲಿ ಸೂಜಿಮೊನೆಯಷ್ಟೂ ತೂತಿಲ್ಲ. ಹೊರಗೆ ಆಯಸ್ಕಾಂತ ತಿರುಗಿದರೆ ಒಳಗಿನ ಆಯಸ್ಕಾಂತ ತಾನೂ ತಿರುಗುತ್ತದೆ, ಮುಟ್ಟದೆಯೇ. ತೂತೇ ಇಲ್ಲದ ಮೇಲೆ ಆಸಿಡ್ ಬರುವುದಾದರೂ ಎಲ್ಲಿಂದ?

ಸುದ್ದಿ ಹರಡಿ, ಹಳದಿ ಗೆರೆಯಾಚೆ ಜನ ಸೇರಿದರು. ಮೇಡಂ ಹೇಳಿದ್ದನ್ನೇ ಬಕೆಟ್ಟಣ್ಣ ಅವರಿಗೆ ಒಪ್ಪಿಸಿದ.

"ಮುಟ್ಟದೆ ಹ್ಯಾಗೆ ತಿರುಗತ್ತಯ್ಯಾ? ಬುರುಡೆ ಬಿಡಬೇಡ," ಎಂದ ಸ್ಟೋರ್‌ಕೀಪರ್.

"ಅದರಲ್ಲೇನಿದೆ ಆಶ್ಚರ್ಯ?" ಎಂದಳು ಕ್ಯಾಂಟೀನಕ್ಕ. "ನಮ್ಮತ್ತೆ ಹೊರಗಿನ ಕೋಣೇಲಿ ಕೂತು ಬರೀ ಕೆಮ್ಮಿದ್ರೆ ಸಾಕು, ನಾನು ಅಡುಗೆಮನೇಲಿ ಗಿರಗಿರ ತಿರುಗ್ತೀನಿ."

ಕಂಟ್ರೋಲ್ ರೂಮಿನ ಹುಡುಗ ಮಾತ್ರ ಪಂಪನ್ನು ನೋಡಲಿಲ್ಲ. ಅವನು ಬಕೆಟ್ಟನ್ನೇ ನೋಡುತ್ತಿದ್ದ. ಅವನ ಅಂಗಿಯ ಎಡಭುಜ ಯಾವಾಗಲೂ ಒದ್ದೆ. "ಬೇಗ ಬನ್ನಿ ಅಣ್ಣಾ, ಕುರ್ಚಿ ನಿಮಗೋಸ್ಕರವೇ ಖಾಲಿ ಇದೆ. ಮೇಲೆ ತುಂಬಾ ತಂಪು. ಆ ಬಕೆಟ್ ಮಾತ್ರ ಬಿಸಾಕಬೇಡಿ, ನೆನಪಿಗಿರಲಿ."

ಎಂಥ ಒಳ್ಳೆಯ ಹುಡುಗ, ಎಂದುಕೊಂಡ ಬಕೆಟ್ಟಣ್ಣ.

ಮಧ್ಯಾಹ್ನ ಕಳೆಯಿತು. ಕಾಗದ ನೀಲಿಯಾಗಿಯೇ ಇತ್ತು. ರಬ್ಬರ್ ಏಪ್ರನ್, ಕನ್ನಡಕ, ಮೊಣಕೈವರೆಗಿನ ಗ್ಲೌಸ್ ಹಾಕಿಕೊಂಡು ಅವನು ಪಂಪಿಗೆ ಇನ್ನೂ ಹತ್ತಿರ ಹೋಗಿ ಬಾಗಿದ. ಇಷ್ಟು ವರ್ಷ ಕೋಪಿಷ್ಠ ಆಸಿಡ್ಡನ್ನು ಕಂಡವನಿಗೆ, ಅದು ತೆಪ್ಪಗೆ, ಹೇಳಿದ ದಾರಿಯಲ್ಲೇ ಹೋಗುತ್ತಿರುವುದು ಪವಾಡದಂತೆ ಕಂಡಿತು. ಇದನ್ನು ಯೋಚಿಸಿದ ತಲೆ ಎಂಥದು! ಬಾಯಿ ತೆರೆದಂತೆಯೇ ಇತ್ತು.

"ತೊಟ್ಟು!" ಎಂದು ಸ್ಟೋರ್‌ಕೀಪರ್ ಕಿರುಚಿದ.

ನೀಲಿ ಕಾಗದದ ನಡುವೆ ಕಾಸಿನಗಲದ ಕಪ್ಪು ಕಲೆ.

ಕುರ್ಚಿ ಹೋಯಿತು, ಮಾನ ಹೋಯಿತು, ಪ್ಯಾಂಟೂ ಹೋಗುವುದು ಖಂಡಿತ. ಆದರೂ ಬಕೆಟ್ಟಣ್ಣ ಕಲಿಸಿದ್ದನ್ನು ಮರೆಯದೆ ಪಂಪು ನಿಲ್ಲಿಸುವ ಕೆಂಪು ಗುಂಡಿಗೆ ಗುದ್ದಿದ. ಗಂಟೆ ಬಡಿದುಕೊಂಡಿತು. ಸ್ಟೋರ್‌ಕೀಪರ್ ಗೇಟಿನತ್ತ ಓಡಿದ. ಕ್ಯಾಂಟೀನಕ್ಕ ಸೌಟು ಹಿಡಿದೇ ಅವನನ್ನು ಹಿಂದೆ ಹಾಕಿದಳು.

ಆಗ ನೋಡಿದ್ದನ್ನು ಬಕೆಟ್ಟಣ್ಣ ಆಮೇಲೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಮೊದಲ ಪಂಪು ನಿಂತಿತು. ಅದರ ಕವಾಟ ತಾನಾಗಿ ಮುಚ್ಚಿತು. ಯಾರೂ ಮುಟ್ಟಲಿಲ್ಲ, ಯಾರೂ ಕೂಗಲಿಲ್ಲ. ಪಕ್ಕದ ಪಂಪು, ತೂಕಡಿಸದೆ ಕಾದಿದ್ದ ತಂಗಿಯಂತೆ, ಗುಂಯ್ ಎಂದು ಎದ್ದಿತು. ಆಸಿಡ್ಡಿಗೆ ಕೈ ಬದಲಾದದ್ದೂ ಗೊತ್ತಾದಂತಿರಲಿಲ್ಲ.

ಮೇಡಂ ಗ್ಲೌಸ್ ಹಾಕಿಕೊಂಡು ಬಂದರು. ಬಗ್ಗಿ ನೋಡಿದರು. "ಕೆಂಪಾಗಿಲ್ಲ. ಬರೀ ಒದ್ದೆ."

"ಎಲ್ಲಿಂದ ಬಿತ್ತು ಮೇಡಂ?" ಎಂದು ಬಕೆಟ್ಟಣ್ಣನೂ ಬಗ್ಗಿದ. ಅವನ ಮೂಗಿನ ತುದಿಯಿಂದ ಇನ್ನೊಂದು ತೊಟ್ಟು ಕಾಗದದ ಮೇಲೆ ಟಪ್ಪೆಂದು ಬಿತ್ತು.

ಮೇಡಂ ಅವನ ಮೂಗನ್ನು ನೋಡಿದರು. "ಪಂಪು ಸೋರಿಲ್ಲ. ನೀವು ಬೆವರಿದ್ದು."

"ತಪ್ಪಾಯ್ತು ಮೇಡಂ."

"ಒಳ್ಳೇದೇ ಆಯ್ತು. ಎರಡನೇ ಪಂಪನ್ನ ಇಷ್ಟು ಚೆನ್ನಾಗಿ ಪರೀಕ್ಷೆ ಮಾಡೋದು ನನ್ನಿಂದಲೂ ಆಗ್ತಿರಲಿಲ್ಲ. ಗಾಬರಿಯಲ್ಲೂ ಸರಿಯಾದ ಗುಂಡಿ ಒತ್ತಿದ್ರಿ. ಸಂಜೆ ಮೇಲಕ್ಕೆ ಬನ್ನಿ."

ಸೈರನ್ ಆಯಿತು. ಚಪ್ಪಾಳೆಯ ನಡುವೆ ಬಕೆಟ್ಟಣ್ಣ ಬಕೆಟ್ಟನ್ನು ತಿರುಗಿಸಿ ತಿರುಗಿಸಿ ಗುಜರಿ ರಾಶಿಗೆ ಎಸೆದ. ಕಂಟ್ರೋಲ್ ರೂಮಿನ ಹುಡುಗ ಮಾತ್ರ "ಅಯ್ಯೋ!" ಎಂದ.

ಮೇಲೆ ಕುರ್ಚಿ ನಿಜಕ್ಕೂ ಇತ್ತು. ಮೆತ್ತನೆಯದು, ಕೈಯಿಡಲು ಜಾಗವಿದ್ದದ್ದು, ನೆಲಕ್ಕೆ ಬೋಲ್ಟ್ ಹಾಕಿ ಬಿಗಿದದ್ದು. ಬಕೆಟ್ಟಣ್ಣ ಪ್ಯಾಂಟನ್ನು ಸರಿಪಡಿಸಿಕೊಂಡು ಕೂತ. ಕಣ್ಣು ಮುಚ್ಚಿದ.

ಟಪ್.

ನೆತ್ತಿಯ ಮೇಲೆ. ತಲೆಯೆತ್ತಿದರೆ ಸರಿಯಾಗಿ ಮೇಲೇ ಎಸಿ. ಟಪ್. ಈ ಸಲ ಹಣೆಗೆ.

"ಎಷ್ಟು ರಿಪೇರಿ ಮಾಡಿಸಿದ್ರೂ ಸೋರೋದು ನಿಲ್ಲಲಿಲ್ಲ ಅಣ್ಣಾ," ಎಂದ ಹುಡುಗ, ಎಡಭುಜ ಒರೆಸಿಕೊಳ್ಳುತ್ತಾ. "ಅದಕ್ಕೇ ಅಲ್ಲಿ ಯಾರೂ ಕೂರಲ್ಲ. ನಮಗ್ಯಾರಿಗೂ ಬಕೆಟ್ಟಿನ ಅನುಭವ ಇಲ್ಲ ನೋಡಿ."

ಬಕೆಟ್ಟಣ್ಣ ಆಸೆಯಿಂದ ಬಾಗಿಲಲ್ಲಿ ನಿಂತಿದ್ದ ಮೇಡಂ ಕಡೆ ತಿರುಗಿದ. ಮೇಡಂ ಬಹಳ ಹೊತ್ತು ಎಸಿಯನ್ನು ನೋಡಿ ಚೀಲ ಹೆಗಲಿಗೇರಿಸಿಕೊಂಡರು. "ನಾನು ಪಂಪಿನವಳು," ಎಂದರು.

ಬಕೆಟ್ಟಣ್ಣ ಗುಜರಿ ರಾಶಿ ಹತ್ತಿ ಇಳಿದು ಮತ್ತೆ ಕಂಟ್ರೋಲ್ ರೂಮಿಗೆ ಬಂದ ಮೇಲೆ ಹೆಂಡತಿಯ ಫೋನು ಬಂತು. ಹಿಂದೆ ಪಕ್ಕದ ಮನೆಯವರ ದನಿಯೂ ಕೇಳುತ್ತಿತ್ತು.

"ಕುರ್ಚಿ ಸಿಕ್ತೇನ್ರೀ?"

"ಸಿಕ್ತು ಕಣೇ."

"ಪ್ಯಾಂಟು?"

"ಒಂದು ತೂತೂ ಇಲ್ಲ."

"ಅಬ್ಬ! ಕೂತಿದೀರಾ ಈಗ?"

ಟಪ್, ಎಂದಿತು ಬಕೆಟ್.

"ಇಲ್ಲ," ಎಂದ ಬಕೆಟ್ಟಣ್ಣ. "ಕುರ್ಚಿ ಮೇಲೆ ಬಕೆಟ್ ಕೂತಿದೆ. ನಾನು ಪಕ್ಕದಲ್ಲಿ ನಿಂತಿದೀನಿ."