ಶೆಟ್ರ ಕೋಳಿಗೊಂದು ಥರ್ಮಾಮೀಟರ್

ಕೆಲವರಿಗೆ ತಿನ್ನುವುದರಲ್ಲಿ ಸುಖ, ಕೆಲವರಿಗೆ ಕೊಳ್ಳುವುದರಲ್ಲಿ ಸುಖ. ನನಗೆ ಆರಿಸುವುದರಲ್ಲಿ. ಅದರಲ್ಲೂ ಬೇರೆಯವರ ದುಡ್ಡಿನಲ್ಲಿ ಬೇರೆಯವರಿಗಾಗಿ ಆರಿಸುವಾಗ ಸಿಗುವ ಆನಂದ ಬ್ರಹ್ಮಾನಂದಕ್ಕೆ ತೀರ ಹತ್ತಿರದ್ದು. ನಾನು ಸಾಲಿಗ್ರಾಮದ ಒಂದು ಸೊಸೈಟಿಯಲ್ಲಿ ಗುಮಾಸ್ತ, ಮನೆ ಇರುವುದು ಸಾಸ್ತಾನದಲ್ಲಿ. ನಮ್ಮ ಆಸುಪಾಸಿನಲ್ಲಿ ಯಾರಿಗೆ ಮಿಕ್ಸಿ ಬೇಕಾದರೂ, ಇನ್ವರ್ಟರ್ ಬೇಕಾದರೂ, ಬಾವಿಗೆ ಪಂಪು ಬೇಕಾದರೂ ಮೊದಲು ನನ್ನನ್ನು ವಿಚಾರಿಸುತ್ತಾರೆ. ನಾನು ಆ ವಸ್ತುವಿನ ಬಗ್ಗೆ ಜಗತ್ತಿನಲ್ಲಿ ಯಾರು ಯಾರು ಏನೇನು ಬರೆದಿದ್ದಾರೋ ಎಲ್ಲವನ್ನೂ ಫೋನಿನಲ್ಲಿ ಓದಿ, ಊಟಕ್ಕೆ ಕೂತಲ್ಲೂ ಓದಿ, ಕೊನೆಗೆ ಇಂಥದ್ದೇ ತೆಗೆದುಕೊಳ್ಳಿ ಎಂದು ತೀರ್ಪು ಕೊಡುತ್ತೇನೆ. ನನ್ನ ಹೆಂಡತಿ ಸುಮತಿಗೆ ಮಾತ್ರ ಈ ವಿದ್ಯೆಯ ಮೇಲೆ ಕಿಂಚಿತ್ತೂ ಗೌರವ ಇಲ್ಲ. ನಾನು ನಮ್ಮ ಮನೆಗೆಂದು ಆರಿಸಿ ತಂದ ನೆಲ ಒರೆಸುವ ಯಂತ್ರ ಅಟ್ಟದ ಮೇಲಿದೆ. ಎಣ್ಣೆಯೇ ಬೇಡದ ಕಾವಲಿಯಿಂದ ದೋಸೆ ಎಬ್ಬಿಸಲು ಇಬ್ಬರು ಬೇಕು. ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವ ಕೊಡೆ ಒತ್ತದೆಯೂ ಬಸ್ಸಿನೊಳಗೆ ಬಿಚ್ಚಿಕೊಂಡು ಮುಂದಿನ ಸೀಟಿನವರ ಕೈಯಲ್ಲಿ ನನ್ನನ್ನು ಬೈಸಿದೆ. ಈ ಮನೆಗೆ ಬಂದದ್ದರಲ್ಲಿ ಸರಿಯಾಗಿ ನಡೆಯುತ್ತಿರುವುದು ತಾನೊಬ್ಬಳೇ, ತನ್ನನ್ನು ಆರಿಸಿದ್ದು ಅತ್ತೆ ಎಂದು ಅವಳ ವಾದ.

ಇಂತಿಪ್ಪ ಕಾಲದಲ್ಲಿ ಒಂದು ಸಂಜೆ ಆಚೆಮನೆಯ ಸುಧಾಕರ ಶೆಟ್ರು ಕಾಂಪೌಂಡಿನ ಮೇಲೆ ಮೊಣಕೈ ಊರಿ ಕರೆದರು. “ಹ್ವಾಯ್ ಐತಾಳ್ರೇ, ನಂಗೊಂದ್ ಥರ್ಮಾಮೀಟರ್ ಬೇಕಿತ್ತ್.” ಯಾರಿಗೆ ಜ್ವರ ಎಂದು ಕೇಳಿದೆ. “ಜ್ವರ ಅಲ್ದ್ ಮಾರಾಯ್ರೆ, ಕೋಳಿಗೆ” ಎಂದರು. ಶೆಟ್ರು ಮುಂಬೈಯಲ್ಲಿ ಬಹಳ ವರ್ಷ ಹೋಟೆಲು ನಡೆಸಿ, ಅದನ್ನು ತಮ್ಮನಿಗೆ ಒಪ್ಪಿಸಿ ಊರಿಗೆ ಬಂದವರು. ಹೋಟೆಲು ನಡೆಸಿದವರಿಗೆ ಕೋಳಿ ಬೇಯಿಸಲು ಬಾರದೇ ಎಂದು ನೀವು ಕೇಳಬಾರದು. ಅವರು ಅಲ್ಲಿ ಕೂತದ್ದು ಗಲ್ಲಾಪೆಟ್ಟಿಗೆಯ ಮುಂದೆ, ಒಲೆಯ ಮುಂದೆ ಅಲ್ಲ. ಊರಿಗೆ ಬಂದ ಮೇಲೆ ಕೋಟೇಶ್ವರದ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಡ್ರಮ್ಮನ್ನು ಕೊಯ್ಸಿ, ಅದಕ್ಕೆ ಮುಚ್ಚಳ, ಜಾಲರಿ, ಹೊಗೆ ಹೋಗಲು ಕೊಳವೆ ಎಲ್ಲ ಮಾಡಿಸಿ ಹಿತ್ತಿಲಿನಲ್ಲಿ ಇಟ್ಟುಕೊಂಡಿದ್ದರು. ಕೆಳಗೆ ತೆಂಗಿನ ಗೆರಟೆಯ ಇದ್ದಿಲು, ಅದರ ಮೇಲೆ ಹೊಗೆಗೆ ಗೇರು ಮರದ ಚಕ್ಕೆ, ಜಾಲರಿಯ ಮೇಲೆ ಇಡೀ ಕೋಳಿ. ಹೀಗೆ ನಿಧಾನಕ್ಕೆ ಬೇಯಿಸಿದರೆ ಅದರ ಸಮ ಇಲ್ಲ ಎಂದು ಅವರ ನಂಬಿಕೆ.

ನಂಬಿಕೆಗೆ ಪೆಟ್ಟು ಬಿದ್ದದ್ದು ಹೋದ ವರ್ಷ. ಶೆಟ್ರ ತಂಗಿಯ ಗಂಡ, ಬೈಂದೂರಿನ ಭಾವ, ಊಟಕ್ಕೆ ಬಂದಿದ್ದರು. ಡ್ರಮ್ಮಿನ ಕೋಳಿ ಹೊರಗಿನಿಂದ ಫೋಟೋ ತೆಗೆಯುವ ಹಾಗೆ ಕಂದು ಬಣ್ಣಕ್ಕೆ ಬಂದಿತ್ತು. ಭಾವ ತೊಡೆಯ ಹತ್ತಿರ ಮುರಿದರೆ ಒಳಗೆ ಕೆಂಪು. ಭಾವ ಏನೂ ಅನ್ನದೆ ಅದನ್ನು ಬದಿಗಿಟ್ಟು ನೀರ್‌ದೋಸೆಯನ್ನು ಬೆಲ್ಲ ಕಾಯಿಯಲ್ಲಿ ತಿಂದು ಹೋದರು. ಅನ್ನದೆ ಹೋದದ್ದು ಆ ದಿನ ಮಾತ್ರ. ಅಲ್ಲಿಂದ ಈಚೆಗೆ ಮದುವೆ ಮನೆಯಿರಲಿ, ಗೃಹಪ್ರವೇಶ ಇರಲಿ, ಶೆಟ್ರು ಎದುರಿಗೆ ಸಿಕ್ಕಿದರೆ ನಾಲ್ಕು ಜನರ ಮುಂದೆ, “ಎಂತ ಬಾವ, ಕೋಳಿ ಸತ್ತಿತ್ತಾ, ಇನ್ನೂ ಜೀವ ಇತ್ತಾ?” ಎಂದು ಕೇಳುತ್ತಾರೆ. ಆ ಭಾವ ಮತ್ತೊಮ್ಮೆ ಊಟಕ್ಕೆ ಬರುವವರಿದ್ದರು. “ಈ ಸಲವೂ ಸಮಾ ಬೇಯದೇ ಇದ್ರೆ ಡ್ರಮ್ಮನ್ನ ಗುಜ್ರಿಗೆ ಹಾಕ್ತೆ” ಎಂದರು ಶೆಟ್ರು. ಅವರ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ನಮ್ಮದು ಬೆಳ್ಳುಳ್ಳಿಗೂ ಅಡುಗೆಮನೆಗೆ ಪ್ರವೇಶ ಇಲ್ಲದ ಮನೆ. ಬಿಸ್ಕತ್ತಿನ ಪೊಟ್ಟಣದಲ್ಲೂ ಹಸಿರು ಚುಕ್ಕೆ ಹುಡುಕಿ ತಿನ್ನುವವನು ನಾನು. ಬುದ್ಧಿ ಇದ್ದವನಾಗಿದ್ದರೆ ಈ ವಿಷಯ ನನಗೆ ಗೊತ್ತಿಲ್ಲ ಶೆಟ್ರೇ ಎಂದು ಕೈಮುಗಿಯುತ್ತಿದ್ದೆ. ಆದರೆ ಆರಿಸುವ ಅವಕಾಶ ತಾನಾಗಿ ಗೋಡೆಯ ಮೇಲೆ ಬಂದು ಕೂತಾಗ ಬಿಡುವುದು ಹೇಗೆ? ತಿನ್ನದವನಿಗೆ ಪಕ್ಷಪಾತ ಇರುವುದಿಲ್ಲ, ಆದ್ದರಿಂದ ನಾನೇ ಯೋಗ್ಯ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ವಾರದಲ್ಲಿ ನಾನು ಕೋಳಿಯ ಬಗ್ಗೆ ತಿಳಿದುಕೊಂಡದ್ದು ಬಹುಶಃ ಕೋಳಿಗೂ ಗೊತ್ತಿರಲಿಕ್ಕಿಲ್ಲ. ಥರ್ಮಾಮೀಟರಿನ ಕಡ್ಡಿಯನ್ನು ತೊಡೆಯ ದಪ್ಪ ಭಾಗಕ್ಕೆ ಚುಚ್ಚಬೇಕು, ಎಲುಬಿಗೆ ತಾಗಬಾರದು, ತಾಗಿದರೆ ಲೆಕ್ಕ ತಪ್ಪುತ್ತದೆ. ಒಳಗೆ ಎಪ್ಪತ್ನಾಲ್ಕು ಡಿಗ್ರಿ ಆದರೆ ಬೆಂದಿತು ಎಂದು ಅರ್ಥ. ತೆಗೆದ ಮೇಲೆ ಕೂಡಲೇ ಕೊಯ್ಯದೆ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು, ಆಗ ರಸ ಒಳಗೇ ನಿಲ್ಲುತ್ತದೆ. ಇದನ್ನೆಲ್ಲ ನಾನು ಊಟದ ನಡುವೆ ಸುಮತಿಗೆ ಹೇಳಲು ಹೋದೆ. ಅವಳು ಹುಳಿಯ ಸೌಟನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಅಷ್ಟರಲ್ಲಿ ನನ್ನ ಫೋನು ಕೆಟ್ಟುಹೋಗಿತ್ತು. ಕೆಟ್ಟದ್ದೆಂದರೆ ಹಾಳಾದದ್ದಲ್ಲ, ದಾರಿ ತಪ್ಪಿದ್ದು. ಸೊಸೈಟಿಯಲ್ಲಿ ಮೆನೇಜರರು ಏಕಾದಶಿ ಯಾವತ್ತು ಎಂದು ಕೇಳಿದರೆಂದು ಫೋನಿನಲ್ಲಿ ಪಂಚಾಂಗ ತೆರೆದು ಅವರ ಮುಂದೆ ಹಿಡಿದೆ. ತಿಥಿಯ ಕೆಳಗಿನ ಜಾಹೀರಾತಿನಲ್ಲಿ ಕೆಂಡದ ಮೇಲೆ ಸುಡುತ್ತಿರುವ ಕುರಿಯ ಕಾಲೊಂದು ಕಾಣಿಸಿಕೊಂಡಿತು. ಮೆನೇಜರರು ಕನ್ನಡಕ ಸರಿಮಾಡಿಕೊಂಡು ನನ್ನನ್ನೊಮ್ಮೆ, ಕಾಲನ್ನೊಮ್ಮೆ ನೋಡಿದರು. ಅಮ್ಮ ಭಜನೆ ಕೇಳೋಣ ಎಂದು ಫೋನು ತೆಗೆದುಕೊಂಡರೆ ನಡುವೆ ಯಾರೋ ಗಡ್ಡದವನು ಬಂದು ಮಾಂಸಕ್ಕೆ ಮಸಾಲೆ ಉಜ್ಜುತ್ತಿದ್ದ. “ನಿಮ್ಮ್ ಫೋನ್ ಮಾಂಸ ತಿಂಬುಕ್ ಶುರು ಮಾಡಿತ್ತ್” ಎಂದಳು ಸುಮತಿ. “ಇನ್ ನಿಮ್ಮ್ ಸರದಿ ಯಾವಾಗಳಿಕೆ?”

ಕೊನೆಗೆ ಮೂರು ಥರ್ಮಾಮೀಟರುಗಳು ಉಳಿದವು. ಒಂದರಲ್ಲಿ ಕಡ್ಡಿಗೆ ಉದ್ದನೆಯ ವಯರು. ಅದರ ಚಿತ್ರ ನೋಡಿದ ಶೆಟ್ರು, “ಸತ್ತ್ ಕೋಳಿಗೆ ಗ್ಲೂಕೋಸ್ ಹಾಕ್ದಂಗ್ ಕಾಣತ್ತ್, ಬ್ಯಾಡ” ಎಂದರು. ಇನ್ನೊಂದು ಬಹಳ ದುಬಾರಿಯದ್ದು, ವೈಫೈ ಇದ್ದರೆ ಮುಂಬೈಯಲ್ಲಿ ಕುಳಿತೂ ನಿಮ್ಮ ಕೋಳಿ ಎಷ್ಟು ಬೆಂದಿತೆಂದು ನೋಡಬಹುದು. “ಮುಂಬೈಯಂಗೆ ಕೂಕಂಡ್ ಕಾಂಬುದ್ ಎಂತಕೆ? ತಿಂಬವ್ರ್ ಇಲ್ಲಿಗ್ ಬತ್ರಲೆ.” ಹಾಗೆ ಮೂರನೆಯದು ಗೆದ್ದಿತು. ವಯರಿಲ್ಲ, ಒಂದು ಉಕ್ಕಿನ ಕಡ್ಡಿ, ತುದಿ ಮಾಂಸದ ಬಿಸಿ ಹೇಳುತ್ತದೆ, ಹಿಂದಿನ ಕಪ್ಪು ಭಾಗ ಡ್ರಮ್ಮಿನೊಳಗಿನ ಬಿಸಿ ಹೇಳುತ್ತದೆ, ಎಲ್ಲವೂ ಫೋನಿಗೆ ಬರುತ್ತದೆ. ಇದಕ್ಕೆ ಒಬ್ಬ ಮಾತ್ರ ಒಂದೇ ಸ್ಟಾರ್ ಕೊಟ್ಟಿದ್ದ. ಕಾರಣ, ಡಬ್ಬಿಯ ಬಣ್ಣ ಚಿತ್ರದಲ್ಲಿದ್ದ ಹಾಗಿಲ್ಲ. ಅಂಥವನನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಡ್ಡಿ ಬಂತು. ಆದರೆ ಅದರ ಆ್ಯಪ್ ಶೆಟ್ರ ಫೋನಿನೊಳಗೆ ಹೋಗಲೊಪ್ಪಲಿಲ್ಲ, ಜಾಗ ಇರಲಿಲ್ಲ. ಫೋನಿನ ತುಂಬ ಯಕ್ಷಗಾನದ ವಿಡಿಯೋಗಳು. ಒಂದೆರಡನ್ನು ಅಳಿಸೋಣ ಎಂದು ನಾನು ಬೆರಳಿಟ್ಟದ್ದೇ ತಡ, ಶೆಟ್ರು ಫೋನನ್ನು ಕಸಿದುಕೊಂಡರು. “ಕೋಳಿ ಹಸಿ ಇದ್ರೂ ಅಡ್ಡಿಲ್ಲೆ, ಇದನ್ನ್ ಮಾತ್ರ ಮುಟ್ಟ್‌ಬ್ಯಾಡಿ.” ಸದ್ಯಕ್ಕೆ ಇರಲಿ ಎಂದು ಆ್ಯಪನ್ನು ನನ್ನ ಫೋನಿಗೇ ಹಾಕಿಕೊಂಡೆ. ಹೀಗೆ ಶೆಟ್ರ ಡ್ರಮ್ಮಿನಲ್ಲಿ ಬೇಯುವ ಕೋಳಿಯ ಸುಖದುಃಖ ಗೋಡೆ ದಾಟಿ ನನ್ನ ಪಾಲಿಗೆ ಬಂತು.

ಭಾವ ಬಂದದ್ದು ಒಂದು ಭಾನುವಾರ, ಅದೂ ನನ್ನ ಹುಟ್ಟಿದ ನಕ್ಷತ್ರದ ದಿನ. ಅಮ್ಮ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. “ನೀ ಮಿಂದ್ಕಂಡ್ ದೇವ್ರಿಗ್ ಕೈ ಮುಗ್ದಿದ್ದೆ, ಇನ್ ಊಟ ಆಪಲ್ಲಿವರಿಗೆ ಆ ಹೊಗಿಗ್ ಹೋಪ್ದ್ ಬ್ಯಾಡ.” ಹೋಗದಿದ್ದರೆ ಫೋನನ್ನಾದರೂ ಶೆಟ್ರಿಗೆ ಕೊಟ್ಟು ಬರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಮತಿಯೂ ಕೇಳಿದಳು. ನಕ್ಷತ್ರದ ದಿನ ಅತ್ತೆ ಮಾವಂದಿರು ಫೋನು ಮಾಡುತ್ತಾರೆ ಎಂದೆ. ನಿಜ ಹೇಳಬೇಕೆಂದರೆ ಅದಲ್ಲ. ನಾನು ಆರಿಸಿದ ವಸ್ತು ಮೊದಲ ಸಲ ಸರಿಯಾಗಿ ಕೆಲಸ ಮಾಡುವುದನ್ನು ನಾನೇ ನೋಡಬೇಕಿತ್ತು, ಸಾಧ್ಯವಾದರೆ ಸುಮತಿಯೂ ನೋಡಬೇಕಿತ್ತು. ಕಡ್ಡಿಯ ಸಿಗ್ನಲ್ ಸಿಗುತ್ತಿದ್ದದ್ದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಮಾತ್ರ. ಅಲ್ಲೇ ಉಪ್ಪಿನ ಮರಿಗೆಗೆ ಒರಗಿಸಿ ಫೋನನ್ನು ನಿಲ್ಲಿಸಿದೆ. ಒಲೆಯ ಮೇಲೆ ಅಮ್ಮನ ಕಡ್ಲೆಬೇಳೆ ಪಾಯಸ, ಫೋನಿನಲ್ಲಿ ಶೆಟ್ರ ಕೋಳಿ.

ಮೊದಮೊದಲು ನಾನೊಬ್ಬನೇ ನೋಡುತ್ತಿದ್ದೆ. “ಎಷ್ಟಾಯ್ತ್ ಐತಾಳ್ರೇ?” ಎಂದು ಶೆಟ್ರು ಆಚೆಯಿಂದ ಕೇಳುವುದು, “ನಲ್ವತ್ತೆಂಟ್” ಎಂದು ನಾನು ಕಿಟಕಿಯಿಂದ ಹೇಳುವುದು. ಅಮ್ಮ ಅತ್ತ ತಿರುಗಿಯೂ ನೋಡದೆ ಪಾಯಸ ಕೈಯಾಡಿಸುತ್ತಿದ್ದರು. ಅರವತ್ತಕ್ಕೆ ಬಂದಾಗ ಅವರಿಗೆ ತಡೆಯಲಾಗಲಿಲ್ಲ. “ಎಂತ ಅರವತ್ತ್? ಮನ್ಷರಿಗ್ ಜ್ವರ ಬಂದ್ರೇ ನೂರಾ ಮೂರಾತ್ತ್. ಬೆಂಕಿ ಮೇಲ್ ಇಪ್ಪ ಕೋಳಿಗೆ ಬರೀ ಅರವತ್ತಾ?” ಎಂದರು. ಇದು ಬೇರೆ ಲೆಕ್ಕದ ಡಿಗ್ರಿ ಎಂದು ವಿವರಿಸಿದೆ. ಎಪ್ಪತ್ನಾಲ್ಕಾದರೆ ಬೆಂದ ಹಾಗೆ ಎಂದೂ ಹೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಅಮ್ಮ ಜೀವಮಾನದಲ್ಲಿ ಒಂದು ಅಗುಳನ್ನೂ ಅರೆಬೆಂದದ್ದು ಬಡಿಸಿದವರಲ್ಲ. ಊಟಕ್ಕೆ ಕೂತವರ ಮುಂದೆ ಬೇಯದ ಪದಾರ್ಥ ಹೋಗುವುದು ಯಾರ ಮನೆಯಲ್ಲಾದರೂ ಅವರಿಗೆ ಸಹಿಸದು, ಅದು ಕೋಳಿಯೇ ಆದರೂ.

ಅರವತ್ತಾರಕ್ಕೆ ಬಂದ ಅಂಕಿ ಅಲ್ಲಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಡ್ರಮ್ಮಿನ ಬಿಸಿ ಇಳಿಯತೊಡಗಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಬೈಂದೂರಿನ ಭಾವ ಮುಚ್ಚಳ ಎತ್ತಿ ಹಿಡಿದು, ಒಳಗೆ ಇಣುಕಿ ಏನೋ ಹೇಳಿ ನಗುತ್ತಿದ್ದರು. ಪಕ್ಕದಲ್ಲಿ ಶೆಟ್ರು ಪರೀಕ್ಷೆಗೆ ಕೂತವರ ಮುಖ ಮಾಡಿಕೊಂಡು ನಿಂತಿದ್ದರು. ಈ ಸಲವೂ ಒಳಗೆ ಕೆಂಪಾದರೆ ಶೆಟ್ರ ಡ್ರಮ್ಮು ಗುಜರಿಗೆ, ನನ್ನ ಹೆಸರು ಅಟ್ಟಕ್ಕೆ. ಅಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಕಿಟಕಿಗೆ ಬಂದರು. “ಸುಧಾಕರಾ, ಮುಚ್ಚಳ ಹಾಕ. ಮುಚ್ಚಳ ತೆಕ್ಕಂಡ್ ನಿಂತ್ರೆ ಎಂತದಾರೂ ಬೇಯತ್ತಾ?” ಎಂದು ಗಟ್ಟಿಯಾಗಿ ಹೇಳಿದರು. ಭಾವ ಬೆಚ್ಚಿ ಮುಚ್ಚಳ ಬಿಟ್ಟರು. ಗೋಡೆಯಾಚೆಯ ಮಾಂಸದ ವ್ಯವಹಾರದಲ್ಲಿ ಅಮ್ಮ ಬಾಯಿ ಹಾಕಿದ್ದು ಅದೇ ಮೊದಲು.

ಆಮೇಲೆ ಹಪ್ಪಳ ಕರಿಯಬೇಕಿದ್ದ ಸುಮತಿಯೂ ಬಂದು ಸೇರಿದಳು. ಮೂವರೂ ಕಿಟಕಿಗೆ ಅಂಟಿಕೊಂಡೆವು. ಅರವತ್ತೇಳು, ಅರವತ್ತೊಂಬತ್ತು. “ಹತ್ತ್‌ತಾ ಇತ್ತ್, ಹತ್ತ್‌ತಾ ಇತ್ತ್” ಎಂದು ಅಮ್ಮ ಮೊಮ್ಮಗುವಿನ ಜ್ವರ ಇಳಿಯುವುದನ್ನು ಕಾಯುವವರ ಹಾಗೆ ಕಾದರು. ಇಲ್ಲಿ ಏರಬೇಕಿತ್ತು, ಅಷ್ಟೇ ವ್ಯತ್ಯಾಸ. ಎಪ್ಪತ್ನಾಲ್ಕು ಮುಟ್ಟಿದ ಕೂಡಲೇ ಫೋನು ಗಂಟೆ ಬಾರಿಸಿತು. “ತೆಗೀರಿ ಶೆಟ್ರೇ, ಈಗಳೇ ಕೊಯ್ಬ್ಯಾಡಿ, ಚೂರ್ ಹೊತ್ತ್ ಬಿಡಿ” ಎಂದು ಕೂಗಿದೆ. ಹಿತ್ತಿಲಿನಲ್ಲೇ ಹಾಕಿದ ಮೇಜಿನ ಮುಂದೆ ಭಾವ ಕೂತರು. ಶೆಟ್ರು ತೊಡೆಯ ಭಾಗವನ್ನೇ ಕೊಯ್ದು ಅವರ ಬಟ್ಟಲಿಗೆ ಹಾಕಿದರು. ಭಾವ ಅದನ್ನು ಮುರಿದರು, ಬೆಳಕಿಗೆ ಹಿಡಿದು ತಿರುಗಿಸಿದರು, ಬಾಯಿಗಿಟ್ಟರು. ಬಹಳ ಹೊತ್ತು ಜಗಿದ ಮೇಲೆ ಭಾವ ಹೇಳಿದರು. “ಅಡ್ಡಿಲ್ಲೆ.”

ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಶೆಟ್ರು ನಮ್ಮ ಕಿಟಕಿಯ ಕಡೆ ತಿರುಗಿ ಎರಡೂ ಕೈ ಎತ್ತಿ ಮುಗಿದರು. ನನಗೆ ಕಣ್ಣು ತುಂಬಿ ಬಂತು. ಸುಮತಿ ನನ್ನನ್ನು ಒಮ್ಮೆ ಹೊಸದಾಗಿ ನೋಡಿದಳು. “ಪಾಪ, ಸಮಾ ಬೆಂತಲೆ” ಎಂದು ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಭಾವ ಎರಡನೆಯ ತುಂಡಿಗೆ ಕೈ ಹಾಕಿದವರು ಅಲ್ಲೇ ತಡೆದು ಮೂಗೆತ್ತಿದರು. “ಹ್ವಾಯ್, ನಿಮ್ಮನಿಯಂಗ್ ಎಂತದೋ ಕರಟ್‌ತಾ ಇತ್ತ್ ಕಾಣಿ” ಎಂದರು.

ನಾವು ಮೂವರೂ ಒಟ್ಟಿಗೆ ಒಲೆಯ ಕಡೆ ತಿರುಗಿದೆವು. ಕಡ್ಲೆಬೇಳೆ ಪಾಯಸ ಅಡಿ ಹಿಡಿದು ನೀಲಿ ಹೊಗೆ ಬಿಡುತ್ತಿತ್ತು. ಯಾರನ್ನು ಯಾರು ಬೈಯುವುದು? ಅಮ್ಮ ತಳ ಮುಟ್ಟದ ಹಾಗೆ ಮೇಲಿನ ಪಾಯಸವನ್ನು ಬೇರೆ ಪಾತ್ರೆಗೆ ಬಗ್ಗಿಸಿದರು. ಬಾಳೆಲೆಯ ಮುಂದೆ ಕೂತೆ. ಹಪ್ಪಳ ಇರಲಿಲ್ಲ. ಅಮ್ಮ ತಲೆ ತಗ್ಗಿಸಿಕೊಂಡೇ ಪಾಯಸ ಬಡಿಸಿದರು. ಬಾಯಿಗಿಟ್ಟೆ. ಬೆಲ್ಲ, ಕಾಯಿಹಾಲು, ಅದರ ಹಿಂದಿನಿಂದ ಮೆಲ್ಲಗೆ ಬರುವ ಹೊಗೆಯ ಘಮ. ನಿಜಕ್ಕೂ ಚೆನ್ನಾಗಿತ್ತು. ಅಮ್ಮನ ಸಣ್ಣ ಮುಖ ನೋಡಿ ಸಮಾಧಾನವೂ ಆಗಲಿ ಎಂದು, “ಇನ್ನೊಂದ್ ಸೌಟ್ ಹಾಕಮ್ಮ. ಹೊಗಿ ಹಿಡ್ದದ್ರ ರುಚಿಯೇ ಬೇರೆ” ಎಂದೆ.

ಅಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಅವರು ಸುಮತಿಯ ಮುಖ ನೋಡಿದರು. ಸುಮತಿ ಅವರ ಮುಖ ನೋಡಿದಳು. ಆಮೇಲೆ ಇಬ್ಬರೂ ಸೇರಿ ನನ್ನ ಮುಖ ನೋಡಿದರು.

“ಹೊಗಿ ಹಿಡ್ದದ್ರ ರುಚಿ,” ಎಂದರು ಅಮ್ಮ ಬಹಳ ನಿಧಾನವಾಗಿ, “ನಿಂಗ್ ಹ್ಯಾಂಗ್ ಗೊತ್ತ್?”

ಓದಿ ಗೊತ್ತು ಎಂದೆ. ಜಗತ್ತಿನಲ್ಲಿ ಇಷ್ಟು ಸತ್ಯವಾದ ಮಾತನ್ನು ಯಾರೂ ಇಷ್ಟು ಕಡಿಮೆ ನಂಬಿರಲಿಕ್ಕಿಲ್ಲ.