ಹುಣಸೆ ಬೀಜವೂ ಭಾವನವರ ಸಂಶೋಧನಾ ವಿಭಾಗವೂ

ನಮ್ಮ ಭಾವನವರಷ್ಟು ಸಲ ಸೋತವರು ತುಮಕೂರು ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಚುನಾವಣೆಗೆ ನಿಂತವರನ್ನೂ ಸೇರಿಸಿಕೊಂಡೇ ಈ ಮಾತು ಹೇಳುತ್ತಿದ್ದೇನೆ. ಅವರಾದರೂ ಒಂದೆರಡು ಸಲ ಸೋತು, ಆಮೇಲೆ ಯಾವುದಾದರೊಂದು ಸಮಿತಿಗೆ ಅಧ್ಯಕ್ಷರಾಗಿ ಮರ್ಯಾದೆಯಿಂದ ಬಾಳುತ್ತಾರೆ. ಭಾವನವರು ಹಾಗಲ್ಲ. ಹದಿನೈದು ವರ್ಷ ಎಡೆಬಿಡದೆ, ಒಂದೇ ವಿಷಯದಲ್ಲಿ, ಒಬ್ಬಳೇ ಹೆಂಗಸಿನ ಎದುರಿಗೆ ಸೋತರು! ಆ ಹೆಂಗಸು ನಮ್ಮ ಅಕ್ಕ ಅಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಅಕ್ಕನ ಎದುರಿಗೆ ಸೋತದ್ದು ಬೇರೆ; ಅದು ಸಂಸಾರ.

ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯಲ್ಲಿ ಭಾವನವರದು ಒಂದು ಸಣ್ಣ ಕಾರ್ಖಾನೆ. ಬಾವಿಗೆ ಇಳಿಬಿಟ್ಟ ಪೈಪಿನ ತುದಿಗೆ ಹಾಕುವ ಫುಟ್‌ವಾಲ್ವ್ ಅಲ್ಲಿ ತಯಾರಾಗುತ್ತಿತ್ತು. ಮೇಲೆ ಹತ್ತಿದ ನೀರು ಮತ್ತೆ ಕೆಳಗಿಳಿಯದಂತೆ ತಡೆಯುವುದು ಅದರ ಕೆಲಸ. ಒಳ್ಳೆಯ ಮಾಲು, ಚೆನ್ನಾಗಿಯೇ ಮಾರಾಟವಾಗುತ್ತಿತ್ತು. ಆದ್ದರಿಂದಲೇ ಭಾವನವರಿಗೆ ಅದರ ಮೇಲೆ ಕಿಂಚಿತ್ತೂ ಗೌರವವಿರಲಿಲ್ಲ. ಅವರ ಗೌರವವೆಲ್ಲ ಕಾರ್ಖಾನೆಯ ಹಿಂದಿದ್ದ ತಗಡಿನ ಶೆಡ್ಡಿಗೆ ಮೀಸಲು. ಅದರ ಬಾಗಿಲ ಮೇಲೆ ಅವರೇ ಬಣ್ಣದಲ್ಲಿ ಬರೆದ ಬೋರ್ಡು: 'ಸಂಶೋಧನಾ ವಿಭಾಗ. ಚಪ್ಪಲಿ ಹೊರಗೆ ಬಿಡಿ.' ಅಕ್ಕ ಮಾತ್ರ ಅದನ್ನು ಗುಜರಿ ಎಂದೇ ಕರೆಯುತ್ತಿದ್ದಳು. "ನಿಮ್ಮ ಭಾವ ಲೋಕಕ್ಕೆಲ್ಲ ಮಿಷಿನ್ ಮಾಡ್ತಾರೆ ಕಣೋ, ಮನೇಲಿ ಮಿಕ್ಸಿ ಕೆಟ್ಟು ಮೂರು ತಿಂಗಳಾಯ್ತು" ಎನ್ನುತ್ತಿದ್ದಳು.

ಸಂಶೋಧನೆಯ ವಿಷಯ ಒಂದೇ: ಹುಣಸೆಹಣ್ಣಿನಿಂದ ಬೀಜ ಬಿಡಿಸುವ ಯಂತ್ರ. ಬೇಸಿಗೆ ಬಂತೆಂದರೆ ನಮ್ಮ ಕಡೆ ಜಗಲಿ ಜಗಲಿಯ ಮೇಲೂ ಹೆಂಗಸರು ಕೂತು, ಕಲ್ಲಿನ ಮೇಲೆ ಹಣ್ಣಿಟ್ಟು, ಸಣ್ಣ ಸುತ್ತಿಗೆಯಿಂದ ಕುಟ್ಟಿ ಬೀಜ ಬಿಡಿಸುವುದನ್ನು ಯಾರು ನೋಡಿಲ್ಲ? ಬೆಳಿಗ್ಗೆ ಕೂತವರು ಸಂಜೆ ಸೊಂಟ ಹಿಡಿದುಕೊಂಡು ಏಳುತ್ತಾರೆ. "ಚಂದ್ರನ ಮೇಲೆ ಕಾಲಿಟ್ಟವರಿದಾರೆ. ಹುಣಸೆ ಬೀಜ ಬಿಡಿಸೋಕೆ ನೆಟ್ಟಗೆ ಒಂದು ಮಿಷಿನ್ ಇಲ್ಲ. ನಾಚಿಕೆ ಆಗಲ್ವೇನಯ್ಯ ನಿನಗೆ?" ಎಂದು ಭಾವನವರು ನನ್ನನ್ನು ಕೇಳುತ್ತಿದ್ದರು. ಗುಬ್ಬಿಯ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿಕೊಂಡಿದ್ದ ನನಗೆ ಯಾಕೆ ನಾಚಿಕೆಯಾಗಬೇಕು? ಆದರೂ ಆಗುತ್ತಿತ್ತು. ಅವರು ಕೇಳುವ ಧಾಟಿಯೇ ಹಾಗಿತ್ತು.

ಯಂತ್ರ ಸರಿಯೋ ತಪ್ಪೋ ಎಂದು ತೀರ್ಮಾನಿಸುವ ನ್ಯಾಯಪೀಠ ಸಿದ್ದಮ್ಮ. ಚೇಳೂರಿನ ಕಡೆಯವಳು, ಐವತ್ತು ದಾಟಿದವಳು, ಹುಣಸೆಹಣ್ಣನ್ನು ಬೆರಳಲ್ಲಿ ಒತ್ತಿದರೆ ಅದು ಯಾವ ಮಣ್ಣಿನ ಮರದ್ದೆಂದು ಹೇಳಬಲ್ಲವಳು. ಭಾವನವರು ಆಕೆಯನ್ನು ತಿಂಗಳ ಸಂಬಳದ ಮೇಲೆ ಶೆಡ್ಡಿಗೆ ನೇಮಿಸಿಕೊಂಡಿದ್ದರು. ಹೊಸ ಯಂತ್ರ ತಯಾರಾದಾಗಲೆಲ್ಲ ಪಂದ್ಯ. ಯಂತ್ರಕ್ಕೊಂದು ಮಂಕರಿ ಹಣ್ಣು, ಸಿದ್ದಮ್ಮನಿಗೊಂದು ಮಂಕರಿ ಹಣ್ಣು. ಯಾರು ಮೊದಲು, ಯಾರದು ಚೊಕ್ಕಟ? ರಜೆ ಸಿಕ್ಕಾಗ ನಾನು ಬಸ್ಸು ಹತ್ತಿ ಬಂದು ಫಲಿತಾಂಶವನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಒಮ್ಮೆ ಆ ರಿಜಿಸ್ಟರನ್ನು ಮೊದಲಿನಿಂದ ಓದಿದೆ. 'ಎರಡನೆಯ ಯಂತ್ರ: ಬೀಜ ಒಡೆದಿದೆ. ಸಿದ್ದಮ್ಮನ ಅಭಿಪ್ರಾಯ: ಥೂ.' 'ನಾಲ್ಕನೆಯ ಯಂತ್ರ: ನಾರು ಸಿಕ್ಕಿಕೊಂಡಿದೆ. ಸಿದ್ದಮ್ಮನ ಅಭಿಪ್ರಾಯ: ಇದ್ಕಿಂತ ನಮ್ಮನೆ ಎಮ್ಮೆ ವಾಸಿ.' ಸಂಶೋಧನೆಯ ವರದಿ ಇಷ್ಟು ಸಂಕ್ಷಿಪ್ತವಾಗಿ, ಇಷ್ಟು ಖಚಿತವಾಗಿ ಬೇರೆ ಯಾವ ದೇಶದಲ್ಲಿ ಬರೆಯುತ್ತಾರೆ?

"ಮಿಷಿನ್ ಗೆದ್ದುಬಿಟ್ರೆ ನಿನ್ನ ಕೆಲಸ ಹೋಗಲ್ವೇನಮ್ಮ?" ಎಂದು ಒಂದು ಸಲ ಕೇಳಿದೆ.

"ಓಗ್ಲಿ ಬುಡಿ ಮೇಷ್ಟ್ರೆ, ನಮ್ ಸೊಂಟನಾರ ಉಳೀತದೆ" ಎಂದಳು. "ಆದ್ರೆ ಗೆಲ್ಲೋ ಮುಖ ಏನ್ ಅಲ್ಲ ಅದ್ರುದು."

ಐದನೆಯ ಯಂತ್ರವನ್ನು ಭಾವನವರು ಕುಣಿಗಲ್ಲಿನ ಹುಣಸೆ ವರ್ತಕರೊಬ್ಬರ ಮಂಡಿಗೆ ಒಯ್ದಿದ್ದರು. ಅದರ ದೋಷ ಒಂದೇ, ಉತ್ಸಾಹ. ಸ್ವಿಚ್ಚು ಹಾಕಿದ್ದೇ ತಡ ಬೀಜಗಳು ಬಂದೂಕಿನ ಗುಂಡಿನಂತೆ ಹಾರತೊಡಗಿದವು. ಗುಮಾಸ್ತರು ಮೂಟೆಗಳ ಹಿಂದೆ, ವರ್ತಕರು ಮೇಜಿನ ಕೆಳಗೆ. ಅಲ್ಲಿಂದಲೇ ಅವರು "ಸ್ವಾಮಿ, ಇದನ್ನ ಮಿಲಿಟ್ರಿಯವರಿಗೆ ತೋರ್ಸಿ!" ಎಂದು ಕೂಗಿಕೊಂಡರು. ಭಾವನವರು ನಡುವೆ ನಿಂತು, ತಲೆಗೆ ಬೀಜ ತಾಗಿಸಿಕೊಳ್ಳುತ್ತಲೇ, "ಬೀಜ ಬಿಟ್ಕೊಳ್ತಾ ಇದೆಯಲ್ಲ, ಅದನ್ನು ನೋಡಿ!" ಎಂದು ಆನಂದಪಡುತ್ತಿದ್ದರು.

ಏಳನೆಯದನ್ನು ಟೆಂಪೋದಲ್ಲಿ ಹೇರಿಕೊಂಡು ದೇವರಾಯನದುರ್ಗದ ದೇವಸ್ಥಾನಕ್ಕೇ ಹೋದೆವು. ಅರ್ಚಕರು ಹೊರಗೆ ಬಂದು ನೋಡಿ, "ಹೊಸ ವಾಹನವೋ?" ಎಂದರು.

"ಅಲ್ಲ ಸ್ವಾಮಿ, ಹಳೇ ಸೋಲು" ಎಂದರು ಭಾವನವರು. "ಅರ್ಚನೆ ಇದರ ಹೆಸರಿಗೇ ಆಗಲಿ. ನಕ್ಷತ್ರ ಗೊತ್ತಿಲ್ಲ. ವೆಲ್ಡಿಂಗ್ ಆದದ್ದು ಮಂಗಳವಾರ."

ಸೋತ ಯಂತ್ರಗಳನ್ನು ಅವರು ಬಿಚ್ಚಿ ಮಾರುತ್ತಿರಲಿಲ್ಲ. ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿ, ಆಯುಧಪೂಜೆಯ ದಿನ ಮೊದಲ ಮಂಗಳಾರತಿ ಅವಕ್ಕೇ ಎತ್ತುತ್ತಿದ್ದರು. ಅನ್ನ ಕೊಡುವ ಫುಟ್‌ವಾಲ್ವಿನ ಲೇತ್‌ಗಳು ಹೊರಗೆ ಕುಂಕುಮಕ್ಕಾಗಿ ಕಾಯಬೇಕು!

ಇಷ್ಟೆಲ್ಲ ವೈಭವ ನಡೆಯುತ್ತಿದ್ದುದು ಸರ್ಕಾರದ ಒಂದು ಕೃಪೆಯಿಂದ. ಕಾರ್ಖಾನೆಯವರು ಸಂಶೋಧನೆಗೆ ಮಾಡಿದ ಖರ್ಚಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯಿತ್ತು. ಸಿದ್ದಮ್ಮನ ಸಂಬಳ, ಹುಣಸೆಹಣ್ಣು, ವೆಲ್ಡಿಂಗ್ ಕಡ್ಡಿ, ಎಲ್ಲವೂ ಆ ಬಾಬಿನಲ್ಲಿ ಸೇರಿ ಶೆಡ್ಡಿನ ಉಸಿರು ನಡೆದಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಆಡಿಟರು ಮುಖ ಸಣ್ಣ ಮಾಡಿಕೊಂಡು ಬಂದರು. ಬಡಕಲು ದೇಹದ, ಭಯವೇ ವೃತ್ತಿಯಾದ ಮನುಷ್ಯ.

"ಸಾರ್, ನಿಯಮ ಬದಲಾಯಿಸೋ ಪ್ರಸ್ತಾಪ ಇದೆ. ಕರಡು ಬಂದಿದೆ. ಡಿಗ್ರಿ ಇರೋರ ಸಂಬಳ ಮಾತ್ರ ಸಂಶೋಧನೆ ಖರ್ಚು ಅಂತ ಒಪ್ತಾರಂತೆ. ಆಮೇಲೆ, ಸಂಶೋಧನೆ ಮೂರು ವರ್ಷದಲ್ಲಿ ಫಲ ಕೊಟ್ಟಿರಬೇಕಂತೆ. ನಮ್ಮ ಆಯಮ್ಮ..."

"ಆಯಮ್ಮಂಗೇನಾಗಿದೆ? ಈ ಶೆಡ್ಡಲ್ಲಿ ವಿಷಯ ಗೊತ್ತಿರೋಳು ಅವಳೊಬ್ಬಳೇ ಕಣ್ರೀ."

"ಸರ್ಟಿಫಿಕೇಟ್ ಇಲ್ವಲ್ಲ ಸಾರ್. ಈ ವಿನಾಯಿತಿ ಹೋದರೆ ಶೆಡ್ಡು ನಡೆಸೋಕಾಗಲ್ಲ. ಮುಚ್ಚಿಬಿಡಿ. ಆಯಮ್ಮನ್ನ ಮುಂದ್ಗಡೆ ಕಸ ಗುಡಿಸೋಕೆ ಹಾಕ್ಕೊಳ್ಳಿ."

ಸಿದ್ದಮ್ಮ ಅಲ್ಲೇ ಕೂತಿದ್ದಳು. ಸುತ್ತಿಗೆಯ ಸದ್ದು ಅರೆಗಳಿಗೆ ನಿಂತು, ಮತ್ತೆ ಶುರುವಾಯಿತು.

ಈ ಕರಡಿನಿಂದ ತುಮಕೂರಿನ ಸಣ್ಣ ಉದ್ಯಮಿಗಳೆಲ್ಲ ಕಂಗಾಲಾದರು. ಹೋಟೆಲೊಂದರ ಮಹಡಿಯ ಮೇಲೆ ಸಭೆ ಸೇರಿತು. ಚೆನ್ನಾಗಿ ಇಂಗ್ಲಿಷ್ ಬರೆಯುವವನೆಂಬ ಅಪವಾದ ನನ್ನ ಮೇಲಿದ್ದುದರಿಂದ ಮನವಿ ಬರೆಯಲು ನನ್ನನ್ನೂ ಕೂರಿಸಿದರು. ಬಿಸ್ಕತ್ತು ಕಾರ್ಖಾನೆಯವರು, "ಡಿಗ್ರಿ ಇರೋರು ನಾವು ಕೊಡೋ ಸಂಬಳಕ್ಕೆ ಇಲ್ಲಿ ನಿಲ್ತಾರೇನ್ರಿ? ಬೆಂಗಳೂರು ಬಸ್ಸು ಹತ್ತಲ್ವೇ?" ಎಂದರು. ಇನ್ನೊಬ್ಬರು, "ದೊಡ್ಡ ಕಂಪನಿಗಳಿಗೆ ಗಾಜಿನ ಲ್ಯಾಬಿದೆ, ಕರಡು ಬರೆದೋರು ಅದನ್ನೇ ನೋಡಿ ಬರೆದಿದಾರೆ. ನಮ್ಮ ಕಡೆ ಲೇತ್ ಮುಂದೆ ನಿಂತೋನೇ ವಿಜ್ಞಾನಿ" ಎಂದರು. ನ್ಯಾಯವಾದ ಮಾತು. ಅಕ್ಕಿ ಗಿರಣಿಯ ಯಜಮಾನರೊಬ್ಬರು ಎದ್ದು, "ಅಕ್ಕೀಲಿ ಕಲ್ಲು ಎಲ್ಲಿಂದ ಬರುತ್ತೆ ಅಂತ ನಾವೂ ಮೂವತ್ತು ವರ್ಷದಿಂದ ಸಂಶೋಧನೆ ಮಾಡ್ತಿದೀವಿ, ನಮಗೂ ವಿನಾಯಿತಿ ಕೇಳಿ" ಎಂದಾಗ, "ನೀವು ಹಾಕೋದು ನಿಲ್ಸಿ, ಫಲ ಸಿಗುತ್ತೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಕೊನೆಗೆ ಭಾವನವರು ಎದ್ದರು. "ಮೂರು ವರ್ಷದಲ್ಲಿ ಫಲ ಬರುತ್ತೆ ಅಂತ ಮೊದಲೇ ಗೊತ್ತಿದ್ರೆ ಅದು ವ್ಯಾಪಾರ. ಗೊತ್ತಿಲ್ದೆ ಇದ್ರೂ ಮಾಡಿದ್ರೆ ಸಂಶೋಧನೆ. ಗೆದ್ದೋನಿಗೆ ವಿನಾಯಿತಿ ಕೊಡೋಕೆ ಸರ್ಕಾರ ಯಾಕ್ರೀ ಬೇಕು? ಗೆದ್ದೋನಿಗೆ ನನ್ನ ಭಾಮೈದನೂ ಕಾಫಿ ಕೊಡಿಸ್ತಾನೆ!"

ಸಭೆ ಚಪ್ಪಾಳೆ ತಟ್ಟಿತು. ಅವತ್ತಿನ ಕಾಫಿಯ ಬಿಲ್ಲನ್ನು ನಾನೇ ತೆತ್ತೆ. ಮನವಿಯಲ್ಲಿ ಆ ಮಾತನ್ನು, ಭಾಮೈದನನ್ನು ಬಿಟ್ಟು, ಯಥಾವತ್ತಾಗಿ ಸೇರಿಸಿದೆ.

ಮನವಿಯ ಫಲವಾಗಿ, ಅಹವಾಲು ಕೇಳಿ ವರದಿ ಕೊಡಲು ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬರುವುದೆಂದಾಯಿತು. ನಮ್ಮ ಶೆಡ್ಡಿಗೂ ಬರುತ್ತಾರಂತೆ! ಆಡಿಟರು ಕೈಮುಗಿದು ಬೇಡಿಕೊಂಡರು. "ಸಾರ್, ಅವತ್ತೊಂದು ದಿನ ಮಿಷಿನ್ ಗೆದ್ದುಬಿಡ್ಲಿ. ಗೆದ್ದ ಮಿಷಿನ್ ಒಂದು, ಡಿಗ್ರಿ ಒಂದು ತೋರಿಸಿದ್ರೆ ಉಳಿದದ್ದು ನಾನು ವಾದ ಮಾಡ್ತೀನಿ." ಡಿಗ್ರಿಗೆ ಅವರು ಗುರುತಿಸಿದ್ದು ನನ್ನನ್ನು. ನಮ್ಮ ಹೈಸ್ಕೂಲಿನ ಲ್ಯಾಬಿನಿಂದ ಬಿಳಿ ಕೋಟೊಂದನ್ನು ಎರವಲು ತಂದು ತೊಟ್ಟು ನಿಂತೆ. ಭಾವನವರು ಮೇಲಿಂದ ಕೆಳಗೆ ನೋಡಿ, "ಏನಯ್ಯ, ಯಾರ ಮನೆ ಮದುವೆ ಅಡಿಗೆ ಒಪ್ಕೊಂಡಿದೀಯ?" ಎಂದರು. ಬಿಚ್ಚಿಟ್ಟೆ.

ಅಧಿಕಾರಿ ಮಿತಭಾಷಿ. ಬಾಗಿಲಲ್ಲಿ ಬೋರ್ಡು ಓದಿ, ಬೂಟು ಕಳಚಿ ಒಳಗೆ ಬಂದರು; ಅಲ್ಲಿಗೇ ನಮ್ಮ ಗೌರವ ಗಳಿಸಿದರು. ಹನ್ನೊಂದನೆಯ ಯಂತ್ರ ಒಂದು ಕಡೆ, ಕಲ್ಲಿನ ಮುಂದೆ ಸಿದ್ದಮ್ಮ ಇನ್ನೊಂದು ಕಡೆ. ಸ್ವಿಚ್ಚು ಬಿತ್ತು. ಭಾವನವರು ಎಂದಿನಂತೆ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದರು. ಯಂತ್ರವನ್ನೂ ಕೈಯನ್ನೂ ಅವರು ನೋಡುತ್ತಿರಲಿಲ್ಲ, ಆಲಿಸುತ್ತಿದ್ದರು.

ಏನಾಶ್ಚರ್ಯ! ಯಂತ್ರದ ಮಂಕರಿ ಮೊದಲು ಖಾಲಿಯಾಯಿತು. ಸಿದ್ದಮ್ಮನದರಲ್ಲಿ ಇನ್ನೂ ಎರಡು ಹಿಡಿ ಹಣ್ಣು ಉಳಿದಿತ್ತು. ಹದಿನೈದು ವರ್ಷದಲ್ಲಿ ಮೊದಲ ಗೆಲುವು! ಆಡಿಟರು ಮಗುವಿನಂತೆ ಚಪ್ಪಾಳೆ ತಟ್ಟಿದರು. ನಾನು ಪೆನ್ನಿನ ಮುಚ್ಚಳ ತೆಗೆದೆ.

ಭಾವನವರು ಕಣ್ಣು ತೆರೆದು ಸಿದ್ದಮ್ಮನ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತರು. "ಒಂದೇಟಿಗೆ ಬೀಳೋ ಬೀಜಕ್ಕೆ ಮೂರು ಮೂರು ಏಟು ಯಾಕೆ ಹಾಕ್ದೆ?"

"ಕೈ ಓಡ್ನಿಲ್ಲ ಅಣ್ಣ. ವಯಸ್ಸಾತು."

"ನಿನ್ನೆ ಇರ್ಲಿಲ್ವಾ ವಯಸ್ಸು?"

ಸಿದ್ದಮ್ಮ ಉಳಿದ ಹಣ್ಣಿಗೆ ಕೈ ಹಾಕಿದಳು. ಭಾವನವರು ಎದ್ದು ಅಧಿಕಾರಿಯತ್ತ ತಿರುಗಿದರು. "ಸಾರ್, ಇದನ್ನ ಬರ್ಕೋಬೇಡಿ. ಇವರು ಬೇಕಂತಲೇ ಸೋತಿದಾರೆ. ನಮ್ಮ ಮಿಷಿನ್ ಇನ್ನೂ ಗೆದ್ದಿಲ್ಲ." ನನ್ನ ಕಡೆ ನೋಡಿ, "ಹನ್ನೊಂದನೆಯದು, ಸೋತಿದೆ ಅಂತ ಬರಿಯಯ್ಯ" ಎಂದರು.

ಆಡಿಟರು ಗೋಡೆಗೆ ಒರಗಿಕೊಂಡರು. ಸಿದ್ದಮ್ಮನಿಗೆ ಮಾತ್ರ ರೇಗಿಹೋಯಿತು. "ಒಂದ್ ದಿನ ಗೆದ್ದಿದ್ರೆ ನಿಮ್ ಗಂಟೇನ್ ಓಯ್ತಿತ್ತಣ್ಣ? ಶೆಡ್ ಮುಚ್ತಾರೆ ಅಂತ ಆ ಆಡಿಟ್ರಪ್ಪ ಬಾಯ್ ಬಡ್ಕೊಳ್ನಿಲ್ವಾ? ನಿಮ್ ಸತ್ಯ ತಗಂಡು ಏನ್ ಸಾರಿಗ್ ಹಾಕನಾ?"

ಅಧಿಕಾರಿ ಬಹಳ ಹೊತ್ತು ಏನನ್ನೋ ಬರೆದುಕೊಂಡರು. ಹೊರಡುವಾಗ, "ಬರೆಯೋದು ನನ್ನ ಕೆಲಸ, ತೀರ್ಮಾನ ಮೇಲಿನವರದು" ಎಂದು ಭಾವನವರ ಕೈ ಹಿಡಿದು ಕುಲುಕಿದರು. ಸಿದ್ದಮ್ಮ ಬಿಡಿಸಿದ ಹುಣಸೆಹಣ್ಣನ್ನು ಒಂದಿಷ್ಟು ಕೇಳಿ ಪಡೆದು ಮನೆಗೆ ಒಯ್ದರು.

ಕೆಲವು ತಿಂಗಳ ಮೇಲೆ ತೀರ್ಮಾನ ಬಂತು. ಮೂರು ವರ್ಷದಲ್ಲಿ ಫಲ ಕೊಡಬೇಕೆಂಬ ಮಾತನ್ನು ಕೈಬಿಟ್ಟಿದ್ದರು. ಡಿಗ್ರಿಯ ಮಾತು ಹಾಗೇ ಉಳಿದಿತ್ತು. ಸಿದ್ದಮ್ಮ ಸರ್ಕಾರದ ದೃಷ್ಟಿಯಲ್ಲಿ ಸಂಶೋಧಕಳಲ್ಲ; ಅವಳ ಸಂಬಳಕ್ಕೆ ಇನ್ನು ವಿನಾಯಿತಿಯಿಲ್ಲ. ಭಾವನವರು ಮರುವಾರವೇ ಕಾರು ಮಾರಿ ಮೊಪೆಡ್ ಕೊಂಡರು. ಕೇಳಿದವರಿಗೆ, "ಡಾಕ್ಟ್ರು ಗಾಳಿ ಸೇವನೆ ಮಾಡಿ ಅಂದಿದಾರೆ" ಎನ್ನುತ್ತಿದ್ದರು. ಮೊಪೆಡ್ಡಿನ ಹಿಂದೆ ಕೂತು ಮದುವೆಗಳಿಗೆ ಹೋಗಬೇಕಾಗಿ ಬಂದ ಅಕ್ಕ ಗೊಣಗುತ್ತಾಳೆಂದು ನಾನು ಕಾದೆ. "ಹೋಗ್ಲಿ ಬಿಡೋ, ಶೆಡ್ಡು ಮುಚ್ಚಿದ್ರೆ ಇವರು ಅಡಿಗೆ ಮನೆಗೆ ಬಂದು ನನ್ನ ಜೊತೆ ಪಂದ್ಯ ಕಟ್ತಾರೆ" ಎಂದಳು. ಹಾಗೆನ್ನುವಾಗ ಅವಳು ಬೇರೆ ಕಡೆ ನೋಡುತ್ತಿದ್ದಳು.

ಆದರೆ ಕಾರು ಹೋದ ಸುದ್ದಿ ಸಿದ್ದಮ್ಮನಿಗೆ ತಿಳಿಯದಿರುತ್ತದೆಯೇ? "ನಂದೊಂದ್ ಸಂಬ್ಳಕ್ಕೆ ನಿಮ್ಗೆ ಲುಕ್ಸಾನು. ನಾಳಿಂದ ನಾ ಬರಾಕಿಲ್ಲ ಅಣ್ಣ" ಎಂದು ಸುತ್ತಿಗೆ ಒಪ್ಪಿಸಿ ಚೇಳೂರಿನ ಬಸ್ಸು ಹತ್ತಿಯೇಬಿಟ್ಟಳು. ಭಾವನವರು ಆ ವಾರವಿಡೀ ಶೆಡ್ಡಿಗೆ ಕಾಲಿಡಲಿಲ್ಲ. ಹನ್ನೆರಡನೆಯ ಯಂತ್ರದ ನಕ್ಷೆ ಮೇಜಿನ ಮೇಲೆ ಬಿದ್ದಿತ್ತು. ಕೊನೆಗೆ ನನಗೆ ಹೇಳಿ ಕಳಿಸಿ, ಜೀವಮಾನದಲ್ಲಿ ಮೊದಲ ಬಾರಿಗೆ ತಲೆ ತಗ್ಗಿಸಿಕೊಂಡು, "ಒಂದು ಕಾಗದ ಬರಿಬೇಕಲ್ಲಯ್ಯ. ಸರ್ಕಾರಿ ಭಾಷೇಲಿ" ಎಂದರು.

ಬರೆದೆ. ಸಂಬಳದ ಬಾಕಿ ಕೊಡುವುದಿದೆಯೆಂಬ ನೆಪ ಹೇಳಿ ಸಿದ್ದಮ್ಮನನ್ನು ಕರೆಸಿದೆವು. ನಾನು ಗಂಟಲು ಸರಿಮಾಡಿಕೊಂಡು ಗಂಭೀರವಾಗಿ ಓದಿದೆ: "ಶ್ರೀಮತಿ ಸಿದ್ದಮ್ಮನವರನ್ನು ಸದರಿ ವಿಭಾಗದ ಸಂಶೋಧಕರೆಂದು ಸರ್ಕಾರವು ಒಪ್ಪಿಕೊಂಡಿರುತ್ತದೆ. ಸದರಿಯವರು ಕೆಲಸವನ್ನು ಬಿಡತಕ್ಕದ್ದಲ್ಲ."

ಸಿದ್ದಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಯಾವಾಗ್ ಬಂತು ಕಾಗ್ದ?"

"ಇವತ್ತೇ ಬೆಳಿಗ್ಗೆ. ಪೋಸ್ಟಲ್ಲಿ" ಎಂದರು ಭಾವನವರು, ಮಾಡಿನ ತಗಡು ನೋಡುತ್ತಾ.

"ಭಾನ್ವಾರ್ದಾಗೂ ಪೋಸ್ಟು ಬತ್ತದಾ ಅಣ್ಣ?"

ಸಿದ್ದಮ್ಮ ಭಾವನವರ ಮುಖವನ್ನು ಒಂದು ಸಲ ನೋಡಿದಳು. ನನ್ನ ಕೈಯಿಂದ ಕಾಗದ ತೆಗೆದುಕೊಂಡು, ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿ, ಹನ್ನೊಂದನೆಯ ಯಂತ್ರದ ಎದುರಿಗೆ ತನ್ನ ಕಲ್ಲಿನ ಮುಂದೆ ಹೋಗಿ ಕೂತಳು.

"ಸರ್ಕಾರ ಅಂದ್ಮ್ಯಾಲೆ ಭಾನ್ವಾರ ಏನು, ಸೋಮ್ವಾರ ಏನು. ಹಾಕಿ ಸ್ವಿಚ್ಚು."

ಭಾವನವರ ಕೈಗೆ ಸ್ವಿಚ್ಚು ಸಿಗಲಿಲ್ಲ, ಗೋಡೆಯ ಮೇಲೆ ತಡಕಾಡುತ್ತಿದ್ದರು. ನಾನೇ ಎದ್ದು ಹೋಗಿ ಹಾಕಿದೆ.